ದೇವೀರಿಯ ಜಗಲಿ

ಸಂಜೆಯಾಯಿತೆಂದರೆ ನನ್ನ ಗಂಡ ಮುಖ ತೊಳೆದು, ತಲೆ ಬಾಚಿ, ಒಗೆದ ಅಂಗಿ ತೊಟ್ಟು ದೇವೀರಿಯ ಮನೆಗೆ ಹೊರಡುತ್ತಿದ್ದರು. ಹೋಗಬೇಡಿ ಎನ್ನುವ ಹಾಗಿರಲಿಲ್ಲ, ನ್ಯಾಯಾಲಯದ ಅಪ್ಪಣೆ. ಆ ಅಂಗಿ ಒಗೆದು ಕೊಡುವವಳೂ ನಾನೇ. ಸಿಟ್ಟು ಬಂದ ದಿನ ನೀಲಿ ಹಾಕದೆ ಒಗೆಯುತ್ತಿದ್ದೆ, ಅಷ್ಟೇ ನನ್ನ ಕೈಲಾಗುತ್ತಿದ್ದುದು. ಅವಳ ಮನೆ ನಮ್ಮ ಬೀದಿಯಲ್ಲೇ ಸ್ವಲ್ಪ ಆಚೆಗೆ. ನಮ್ಮ ಹೊಸ್ತಿಲಲ್ಲಿ ನಿಂತರೆ ಅವಳ ಜಗಲಿಯ ದೀಪ ಕಾಣುತ್ತಿತ್ತು, ಇವರ ಬೆನ್ನು ಕಾಣುತ್ತಿತ್ತು, ಅವಳು ನಗುವುದು ಕೇಳುತ್ತಿತ್ತು. ಮಾತು ಮಾತ್ರ ಕೇಳುತ್ತಿರಲಿಲ್ಲ. ನನ್ನ ಹೊಟ್ಟೆಗೆ ಬೆಂಕಿ ಬೀಳುವುದಕ್ಕೆ ಅಷ್ಟು ಸಾಕಾಗಿತ್ತು.

ನಮ್ಮ ಊರಿನಲ್ಲಿ ಒಬ್ಬರ ಸಾವಿಗೆ ಯಾರ ಮೇಲೆ ತಪ್ಪು ಹೊರಿಸಿ ತೀರ್ಪಾಗುತ್ತದೆಯೋ ಅವರಿಗೆ ಸತ್ತವರ ದನಿ ಬರುತ್ತದೆ. ತೀರ್ಪು ಓದಿ ಮುಗಿಸಿದ ಕೂಡಲೇ ಗಂಟಲು ಕೆರೆದಂತಾಗಿ ಒಂದು ಕೆಮ್ಮು, ಆಮೇಲೆ ಬಾಯಿ ತೆರೆದರೆ ಸತ್ತವರ ದನಿ. ದನಿ ಮಾತ್ರ. ಬುದ್ಧಿ, ನೆನಪು, ಆಡುವ ಮಾತು ಎಲ್ಲ ಅವರವರದೇ. ಜೈಲು ನಮ್ಮಲ್ಲಿಲ್ಲ. ತಪ್ಪಿತಸ್ಥರು ದಿನಾ ಸಂಜೆ ಸತ್ತವರ ಮನೆಗೆ ಹೋಗಿ, ಆ ಮನೆಯವರು ಸಾಕು ಎನ್ನುವವರೆಗೆ ಜಗಲಿಯ ಮೇಲೆ ಕೂತು ಮಾತಾಡಬೇಕು. ಇದನ್ನು ಮಾತಿಗೆ ಕೂರುವುದು ಎನ್ನುತ್ತೇವೆ. ವೀಳ್ಯದೆಲೆ ಮಾರುವ ದಪ್ಪ ಮೀಸೆಯ ಗಂಗಣ್ಣ ಸತ್ತ ಅತ್ತೆಯ ದನಿಯಲ್ಲಿ ಗಿರಾಕಿಗಳನ್ನು ಕೂಗುತ್ತಾನೆ, ಯಾರೂ ನಗುವುದಿಲ್ಲ. ಶಾಲೆಯ ಮೇಷ್ಟರಿಗೆ ಪಕ್ಕದ ಮನೆ ಅಜ್ಜನ ದನಿ. ಮಗ್ಗಿ ಹೇಳಿಕೊಡುವಾಗ ನಡುನಡುವೆ ದಮ್ಮು ಹತ್ತುತ್ತದೆ, ಮಕ್ಕಳೂ ಹಾಗೆಯೇ ದಮ್ಮು ಹತ್ತಿಸಿಕೊಂಡು ಮಗ್ಗಿ ಕಲಿತಿವೆ.

ನನ್ನ ಗಂಡನ ಹೆಸರು ಶಿವರುದ್ರ. ಊರಿಗೆ ರುದ್ರಣ್ಣ, ನನಗೆ ಯಜಮಾನರು. ಅವರದು ಕೀರಲು ದನಿ. ಮದುವೆಗೆ ಮುಂಚೆ ನಮ್ಮ ಚಿಕ್ಕಮ್ಮ, "ಹುಡುಗ ಎಲ್ಲಾ ಸರಿ, ಬಾಯಿ ಬಿಟ್ಟರೆ ಮಾತ್ರ ಬಾವಿ ರಾಟೆ ತಿರುಗಿದ ಹಾಗಿರುತ್ತೆ" ಅಂದಿದ್ದಳು. ಇರಲಿ, ಆ ರಾಟೆ ನನ್ನದಾಗಿತ್ತು. ಉಣ್ಣುವಾಗ ಮಾತು, ಕೈತೊಳೆಯುವಾಗ ಮಾತು, ನಿದ್ದೆಗಣ್ಣಲ್ಲೂ ಮಾತು. ಎತ್ತರದ ಗೋಡೆಗಳಿಗೆ ಬೊಂಬು, ಹಲಗೆ, ಹಗ್ಗದಿಂದ ಸಾರುವೆ ಕಟ್ಟುವುದು ಇವರ ಕಸುಬು. ಅದರ ಮೇಲೆ ಹತ್ತಿ ಸುಣ್ಣ ಬಳಿಯುವುದು ಮರಿಸ್ವಾಮಿಯ ಕಸುಬು. ಇಬ್ಬರೂ ಜೋಡಿ. ಮರಿಸ್ವಾಮಿಯದು ತುಂಬಿದ ಕೊಡದಂಥ ದನಿ. ಅವನು ಮೇಲಿನಿಂದ "ಸುಣ್ಣ ತನ್ನಿ" ಎಂದರೆ ಬೀದಿಯ ಹೆಂಗಸರು ಕೆಲಸ ಬಿಟ್ಟು ಕೇಳುತ್ತಿದ್ದರು.

ಊರ ಛತ್ರದ ಹಿಂಗೋಡೆಗೆ ಸುಣ್ಣ ಬಳಿಯುತ್ತಿದ್ದಾಗ ಮರಿಸ್ವಾಮಿ ಮೇಲಿಂದ ಬಿದ್ದು ಸತ್ತ. ಇವರು ಆ ಹೊತ್ತಿಗೆ ಹಗ್ಗ ತರಲು ಹೋಗಿದ್ದರು. ಅವನ ಹೆಂಡತಿ ದೇವೀರಿ ಬುತ್ತಿ ತಂದವಳು ಕೆಳಗೇ ನಿಂತಿದ್ದಳು. ಗಂಟು ಸಡಿಲವಾಗಿ ಹಲಗೆ ಜಾರಿತು, ನಾನೇ ಕಣ್ಣಾರೆ ಕಂಡೆ ಎಂದು ನ್ಯಾಯಾಲಯದಲ್ಲಿ ಇವರ ಕಡೆ ಬೊಟ್ಟು ಮಾಡಿದಳು. ತೀರ್ಪಾಯಿತು, ಇವರು ಕೆಮ್ಮಿದರು. ಮನೆಗೆ ಬಂದು ಬಾಗಿಲಲ್ಲಿ ನಿಂತು, "ಸಾಕೀ" ಎಂದರು. ಮರಿಸ್ವಾಮಿ ನನ್ನನ್ನು ಕರೆದ ಹಾಗಾಯಿತು. ಕೈಯಲ್ಲಿದ್ದ ಚೆಂಬು ಕೆಳಗೆ ಬಿತ್ತು. ಇವರಿಗೂ ಗಾಬರಿಯಾಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಪರಗಂಡಸಿನ ದನಿಯಲ್ಲಿ ಹೆಂಡತಿಯನ್ನು ಕರೆಯುವುದು ತರವಲ್ಲ ಅಂತ ಅನ್ನಿಸಿರಬೇಕು, ಅವತ್ತಿನಿಂದ ಮನೆಯಲ್ಲಿ ಮಾತನ್ನೇ ಬಿಟ್ಟುಬಿಟ್ಟರು. ನೀರು ಬೇಕಾದರೆ ಕೈಸನ್ನೆ, ಉಪ್ಪು ಕಡಿಮೆಯಾದರೆ ಹುಬ್ಬುಸನ್ನೆ.

ಸಾರುವೆ ಕಟ್ಟಲು ಇವರನ್ನು ಮತ್ತೆ ಯಾರೂ ಕರೆಯಲಿಲ್ಲ. ಅಕ್ಕಿ ಗಿರಣಿಯಲ್ಲಿ ಹೊಟ್ಟು ತುಂಬುವ ಕೆಲಸಕ್ಕೆ ಸೇರಿದರು. ಬೀದಿಯ ಮಕ್ಕಳು ಇವರನ್ನು ತೋರಿಸಿ, "ಮರಿಸ್ವಾಮೀನ ಕೊಂದೋರು" ಎಂದು ಪಿಸುಗುಡುತ್ತಿದ್ದವು. ಗಂಟು ಬಿಗಿಯಾಗಿ ಕಟ್ಟಿದ್ರಾ ಇಲ್ವಾ ಎಂದು ನಾನು ಒಮ್ಮೆ ಕೇಳಿದ್ದೆ. ಕಟ್ಟಿದ್ದೆ ಎಂದು ತಲೆಯಾಡಿಸಿದರು. ಆಮೇಲೆ ತಲೆ ನಿಲ್ಲಿಸಿ, ಗೊತ್ತಿಲ್ಲ ಎನ್ನುವಂತೆ ಕೈ ತಿರುಗಿಸಿದರು. ಊರೆಲ್ಲ ಒಂದೇ ಮಾತು ಹೇಳುತ್ತಿದ್ದರೆ ಮನುಷ್ಯನಿಗೆ ತನ್ನ ಕೈಯ ಮೇಲೆಯೇ ನಂಬಿಕೆ ಹೋಗುತ್ತದೆ. ನನಗೆ ಅದು ಅರ್ಥವಾಗುತ್ತಿತ್ತು. ಅರ್ಥವಾಗದ್ದು ಒಂದೇ: ಮನೆಯಲ್ಲಿ ಮೂಕರಾಗಿದ್ದವರು ಅಲ್ಲಿ ಹೋಗಿ ರಾತ್ರಿಯಾಗುವವರೆಗೆ ಅದೇನು ಮಾತಾಡುತ್ತಾರೆ, ಅವಳು ಅದಕ್ಕೇನು ಅಷ್ಟು ನಗುತ್ತಾಳೆ. ಗಂಡ ಸತ್ತವಳು ಎಂದು ಮೊದಮೊದಲು ಅಯ್ಯೋ ಅನಿಸುತ್ತಿತ್ತು. ಆ ಅಯ್ಯೋ ಎನ್ನುವುದು ಯಾವತ್ತು ಬತ್ತಿಹೋಯಿತೋ ನನಗೇ ತಿಳಿಯಲಿಲ್ಲ.

ಹೀಗೆ ಕೆಲವು ವರ್ಷ ಕಳೆದ ಮೇಲೆ ಊರಿಗೆ ಡಾಕ್ಟರ್ ಮಂದಾಕಿನಿ ಬಂದರು. ಡಾಕ್ಟರ್ ಎಂದ ಕೂಡಲೇ ಜನ ಮಂಡಿನೋವು, ಕಿವಿಸೋರು ಎಂದು ಸಾಲುಗಟ್ಟಿದರು. ಅವರು ಕೈಮುಗಿದು, ತಾನು ಅಪರಾಧಶಾಸ್ತ್ರ ಓದಿಕೊಂಡವಳು, ತಪ್ಪು ಮಾಡದೆ ಶಿಕ್ಷೆಯಾದವರ ಬಗ್ಗೆ ಸಂಶೋಧನೆ ಮಾಡುವವಳು ಎಂದು ವಿವರಿಸಿದರು. ಅರ್ಧ ಸಾಲು ಮನೆಗೆ ಹೋಯಿತು. ಉಳಿದರ್ಧ ಮಂಡಿಯನ್ನೂ ಸ್ವಲ್ಪ ನೋಡಿ ಎಂದು ಕೂತೇ ಇತ್ತು.

ಮೇಡಂ ಮನೆಮನೆಗೂ ಹೋದರು. ನಮ್ಮ ಮನೆಗೆ ಬಂದವರು ಇವರನ್ನು ಚಾಪೆಯ ಮೇಲೆ ಕೂರಿಸಿ, ಎದುರಿಗೆ ಕೂತು, ಮಾತು ಹಿಡಿದಿಡುವ ಒಂದು ಪುಟ್ಟ ಯಂತ್ರವನ್ನು ನಡುವೆ ಇಟ್ಟು ಕೇಳತೊಡಗಿದರು. ಇವರು ಬಾಯಿ ಬಿಟ್ಟರು ನೋಡಿ. ನನ್ನ ನಡುಮನೆಯಲ್ಲಿ ಅಷ್ಟು ವರ್ಷ ಒಂದು ಅಕ್ಷರ ಆಡದ ಮನುಷ್ಯ ಒಂದೇ ಸಮನೆ ಮಾತಾಡಿದರು. ನಾನು ಕಾಫಿ ಕೊಡುವ ನೆಪದಲ್ಲಿ ಹೋದೆ, ಲೋಟ ತರುವ ನೆಪದಲ್ಲಿ ಹೋದೆ, ಕಸ ಗುಡಿಸುವ ನೆಪದಲ್ಲೂ ಹೋದೆ. ಮೇಡಂ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನೀವೂ ಕೂತ್ಕೊಳಿ ಸಾಕಮ್ಮಾ" ಎಂದರು. "ನಂಗೆ ಕೆಲ್ಸ ಇದೆ" ಎಂದು ಒಳಗೆ ಹೋಗಿ ಸಾಸಿವೆ ಡಬ್ಬವನ್ನು ಕುಕ್ಕಿದೆ. ಒಬ್ಬಳು ಸಾಲದು ಎಂದು ಇನ್ನೊಬ್ಬಳೂ ಬಂದಳಲ್ಲ ಅನ್ನಿಸಿತ್ತು.

ಕೆಲವು ದಿನ ಬಿಟ್ಟು ಮೇಡಂ ಮತ್ತೆ ಬಂದರು. ಇವರು ಗಿರಣಿಗೆ ಹೋಗಿದ್ದರು. ಈ ಸಲ ಅವರಿಗೆ ಬೇಕಾಗಿದ್ದವಳು ನಾನು. "ಒಂದು ವಿಷ್ಯ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು. "ಎಲ್ಲಾ ಊರಲ್ಲೂ ಜನ ಕಾಲು ಜಾರಿ ಸಾಯ್ತಾರೆ, ವಯಸ್ಸಾಗಿ ಸಾಯ್ತಾರೆ. ಈ ಊರಲ್ಲಿ ಮಾತ್ರ ಹಾಗೆ ಒಬ್ಬರೂ ಸತ್ತಿಲ್ಲ. ಒಂದೊಂದು ಸಾವಿಗೂ ಒಬ್ಬೊಬ್ಬರು ಅಪರಾಧಿ ಇದ್ದಾರೆ. ಇದು ಹೇಗೆ?"

ನಾನು ಯೋಚಿಸಿದೆ. ಗಂಗಣ್ಣನ ಅತ್ತೆ ಹಣ್ಣುಹಣ್ಣು ಮುದುಕಿಯಾಗಿ ಸತ್ತಿದ್ದು. ಹಿಂದಿನ ದಿನ ಗಂಗಣ್ಣ ತಣ್ಣನೆಯ ಮಜ್ಜಿಗೆ ಕೊಟ್ಟ ಎಂದು ಅವನ ಹೆಂಡತಿಯೇ ಬೊಟ್ಟು ಮಾಡಿದ್ದಳು. ಪಕ್ಕದ ಮನೆ ಅಜ್ಜ ಸತ್ತಾಗ ಮೇಷ್ಟರು ಜೋರಾಗಿ ಬಾಗಿಲು ಹಾಕಿದ್ದೇ ಕಾರಣವೆಂದಾಗಿತ್ತು. ಅದರಲ್ಲಿ ವಿಚಿತ್ರವೇನೂ ನನಗೆ ಕಂಡಿರಲಿಲ್ಲ. "ಯಾರದ್ದೂ ತಪ್ಪಿಲ್ಲ ಅಂದ್ಬಿಟ್ರೆ ಸತ್ತೋರ ದನಿ ಬೀದಿಪಾಲಾಗಿ ಹೋಗುತ್ತಲ್ಲ ಮೇಡಂ," ಎಂದೆ. "ಮನೆಯೋರು ಹೆಂಗೆ ತಡ್ಕೋತಾರೆ? ಅದಕ್ಕೆ ಯಾರಾದ್ರೂ ಒಬ್ರು..." ಎಂದವಳು ಅಲ್ಲಿಗೇ ನಿಲ್ಲಿಸಿದೆ. ನನ್ನ ಮಾತು ನನ್ನ ಕಿವಿಗೇ ಬಿದ್ದಿತ್ತು.

ಮೇಡಂ ಮೆಲ್ಲಗೆ ಹೇಳಿದರು. ಅವತ್ತು ಛತ್ರದ ಹಿಂದೆ ಸೇರಿದ್ದವರನ್ನೆಲ್ಲ ಅವರು ಬೇರೆಬೇರೆಯಾಗಿ ಮಾತಾಡಿಸಿದ್ದರು. ಮರಿಸ್ವಾಮಿಯನ್ನು ಎತ್ತಿದವರೆಲ್ಲ ಒಂದೇ ಮಾತು ಹೇಳಿದ್ದರು: ಸಾರುವೆ ನೆಟ್ಟಗೆ ನಿಂತಿತ್ತು, ಹಲಗೆ ಇದ್ದಲ್ಲೇ ಇತ್ತು, ಗಂಟು ಒಂದೂ ಬಿಚ್ಚಿರಲಿಲ್ಲ. ಛತ್ರದ ಅಡುಗೆಯವಳಂತೂ, "ಪಾಪ, ಚಿಕ್ಕ ವಯಸ್ಸು ದೇವೀರಿಗೆ. ಗಂಡನ ದನಿಯಾದ್ರೂ ಉಳೀಲಿ ಅಂತ ನಾವೂ ಸುಮ್ಮನಾದ್ವಿ" ಎಂದು ಕಣ್ಣೊರೆಸಿಕೊಂಡಿದ್ದಳಂತೆ.

ನನಗೆ ಮೈ ಹತ್ತಿ ಉರಿಯಿತು. ಊರಿಗೆ ಊರೇ ಗೊತ್ತಿದ್ದೂ ನನ್ನ ಗಂಡನ ಗಂಟಲನ್ನು ಎತ್ತಿ ಅವಳ ಮಡಿಲಿಗೆ ಹಾಕಿತ್ತು. ಅವಳಿಗೆ ಪಾಪವಂತೆ, ಚಿಕ್ಕ ವಯಸ್ಸಂತೆ. ನಾನೇನು ಹುಟ್ಟುತ್ತಲೇ ಮುದುಕಿಯಾಗಿದ್ದೆನೇ? "ನಡೀರಿ ಮೇಡಂ, ಅವಳ ಜುಟ್ಟು ಹಿಡ್ಕೊಂಡು ನ್ಯಾಯಾಲಯಕ್ಕೆ ಎಳ್ಕೊಂಡು ಹೋಗೋಣ" ಎಂದು ಸೆರಗು ಸಿಕ್ಕಿಸಿ ಎದ್ದೆ.

ಮೇಡಂ ನನ್ನ ಕೈ ಹಿಡಿದು ಕೂರಿಸಿದರು. ನಮ್ಮ ಊರಿನ ಕಾನೂನು ಅವರಿಗೂ ತಿಳಿದಿತ್ತು. ಬೊಟ್ಟು ಮಾಡಿದವರೇ ತಾವಾಗಿ ಬೊಟ್ಟು ಹಿಂದಕ್ಕೆ ತೆಗೆದುಕೊಂಡರೆ ಮಾತ್ರ ತೀರ್ಪು ರದ್ದಾಗುತ್ತದೆ. ಬೇರೆ ಯಾರು ಎಷ್ಟು ಸಾಕ್ಷಿ ಹೇಳಿದರೂ ನಡೆಯುವುದಿಲ್ಲ. "ಎಳ್ಕೊಂಡು ಹೋದ್ರೆ ಅವರು ಬಾಯಿ ಬಿಡಲ್ಲ," ಎಂದರು. "ಒಂದು ಕಡೆ ಎದುರುಬದುರು ಕೂರೋಣ. ಏನಾಯ್ತು, ಯಾರಿಗೆ ನೋವಾಯ್ತು, ಅದನ್ನ ಯಾರು ಹೇಗೆ ಸರಿಮಾಡ್ಬಹುದು ಅಂತ ಕೇಳೋಣ. ಅವರಿಗೆ ಶಿಕ್ಷೆ ಕೊಡಿಸೋದು ನನ್ನ ಕೆಲಸ ಅಲ್ಲ."

"ಶಿಕ್ಷೆ ಬೇಡ ಅಂದ್ರೆ ನಿಮ್ಗೇನೋ ದೊಡ್ಡ ಮನಸ್ಸು," ಎಂದೆ. "ನಿಮ್ಮ ಗಂಡನ್ನ ಯಾರೂ ಇಟ್ಕೊಂಡಿಲ್ವಲ್ಲ." ನನಗೆ ನನ್ನ ಗಂಡನ ದನಿ ಬೇಕಿತ್ತು. ಅದು ಜುಟ್ಟು ಹಿಡಿದರೂ ಸರಿ, ಎದುರು ಕೂತರೂ ಸರಿ. ಒಪ್ಪಿಕೊಂಡೆ.

ಸುದ್ದಿ ಹಬ್ಬಿತು. ದೇವೀರಿಯ ಮನೆಗೆ ಜನ ಹೋಗಿ ಬರುವುದು ಹೆಚ್ಚಾಯಿತು. ಗಂಗಣ್ಣನ ಹೆಂಡತಿ ನಮ್ಮ ಮನೆ ಮುಂದೆಯೇ ನಿಂತು, "ಇವತ್ತು ದೇವೀರಿ ಬೊಟ್ಟು ತಗೊಂಡ್ರೆ ನಾಳೆ ನನ್ನನ್ನ ಕೇಳ್ತಾರೆ. ನಮ್ಮವ್ವನ ದನೀನೂ ಕಿತ್ಕೊಳ್ಳೋಕೆ ಬಂದಿದೀರಾ?" ಎಂದು ಮೇಡಂ ಮೇಲೆ ಹಾರಾಡಿದಳು. ಅವಳ ಹಿಂದೆ ನಿಂತಿದ್ದ ಗಂಗಣ್ಣ ತನ್ನ ಅತ್ತೆಯ ದನಿಯಲ್ಲಿ, "ಬಾರೇ ಮನೆಗೆ, ಸಾಕು ಮಾಡು" ಎಂದು ಕರೆದ. ಅವಳು ತಾಯಿಯ ಮಾತು ಕೇಳುವ ಮಗಳಂತೆ ಸುಮ್ಮನೆ ಹಿಂದೆ ಹೋದಳು.

ಎದುರುಬದುರು ಕೂರುವುದು ದೇವೀರಿಯ ಜಗಲಿಯ ಮೇಲೆಯೇ ಎಂದಾಯಿತು, ಬಿಸಿಲು ಇಳಿದ ಮೇಲೆ. ಅಷ್ಟು ವರ್ಷ ದೂರದಿಂದ ಕಣ್ಣುಬಿಟ್ಟು ನೋಡಿದ್ದ ಜಗಲಿಯನ್ನು ನಾನು ಹತ್ತಿದ್ದು ಅವತ್ತೇ ಮೊದಲು. ಚೊಕ್ಕಟವಾಗಿ ಸಾರಿಸಿಟ್ಟಿದ್ದಳು. ಇವರು ದಿನಾ ಒರಗಿ ಕೂರುವ ಕಡೆ ಗೋಡೆಯ ಮೇಲೆ ತಲೆಯೆಣ್ಣೆಯ ಕಲೆ ಇತ್ತು. ನಾನು ಮನೆಯಲ್ಲಿ ಕಾಯಿಸಿ, ಸೋಸಿ, ಇವರ ತಲೆಗೆ ತಿಕ್ಕಿದ ಎಣ್ಣೆ ಅವಳ ಗೋಡೆಯಲ್ಲಿ ಇಂಗಿತ್ತು. ಅದನ್ನು ನೋಡಿದ ಮೇಲೆ ಎದುರುಬದುರು ಕೂತು ಮಾತಾಡುವ ಮನಸ್ಸೇ ನನಗೆ ಉಳಿಯಲಿಲ್ಲ. ಆ ಕಲೆಗೆ ಬೆನ್ನು ಹಾಕಿ, ಇವರ ಜಾಗದಲ್ಲಿ ನಾನೇ ಕೂತುಬಿಟ್ಟೆ. ಇವರು ಕಂಬದ ಪಕ್ಕ ಹೋಗಿ ಕೂತರು.

ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು ಎಂದು ಮೇಡಂ ಮೊದಲೇ ಹೇಳಿದರು. ಹೇಳುವಾಗ ನನ್ನನ್ನೇ ನೋಡುತ್ತಿದ್ದರು. ಆಮೇಲೆ ದೇವೀರಿಯ ಕಡೆ ತಿರುಗಿ, ಅವತ್ತು ಏನಾಯಿತು ಎಂದು ನಿಮಗೆ ಹೇಗೆ ಹೇಳಬೇಕೆನಿಸುತ್ತದೋ ಹಾಗೆ ಹೇಳಿ ಎಂದರು. ದೇವೀರಿ ಸೆರಗು ಹೊದ್ದು ನೆಟ್ಟಗೆ ಕೂತಳು. ಹತ್ತಿರದಿಂದ ನೋಡಿದರೆ ಕಣ್ಣ ಕೆಳಗೆ ಕಪ್ಪಾಗಿತ್ತು, ಸೊರಗಿದ್ದಳು. ಅದನ್ನು ನೋಡಿ ನನಗೆ ಸಮಾಧಾನವಾಯಿತು ಎಂದರೆ ನೀವು ನನ್ನನ್ನು ಕೆಟ್ಟವಳು ಅಂದುಕೊಳ್ಳಬಹುದು. ಅಂದುಕೊಳ್ಳಿ.

"ಗಂಟು ಬಿಚ್ಚಿರ್ಲಿಲ್ಲ," ಎಂದಳು. "ಹಲಗೇನೂ ಜಾರ್ಲಿಲ್ಲ. ಯುಗಾದಿ ಕಳೆದಾಗ್ನಿಂದ ಅವರಿಗೆ ತಲೆಸುತ್ತು ಬರ್ತಿತ್ತು. ಯಾರ್ಗೂ ಹೇಳ್ಬೇಡ, ಗೊತ್ತಾದ್ರೆ ಮೇಲೆ ಹತ್ತೋಕೆ ಬಿಡಲ್ಲ ಅಂದಿದ್ರು. ಅವತ್ತು ಬೆಳಿಗ್ಗೆ ಹೋಗಲ್ಲ ಅಂತ ಮಲಗಿದ್ರು. ನಾನೇ ಬೈದು ಎಬ್ಬಿಸಿ ಕಳಿಸ್ದೆ. ಬುತ್ತಿ ತಗೊಂಡು ಹೋದಾಗ ಮೇಲಿಂದ ನನ್ನ ನೋಡಿ ಏನೋ ಹೇಳೋಕೆ ಬಾಯಿ ತೆಗೆದ್ರು. ಹಂಗೇ ಬಿದ್ರು."

"ಇದನ್ನ ಅವತ್ತೇ ಹೇಳ್ಬಹುದಿತ್ತಲ್ಲ ದೇವೀರಮ್ಮ?" ಎಂದರು ಮೇಡಂ.

"ಹೇಳಿದ್ರೆ ತಪ್ಪು ನಂದು ಅಂತ ಆಗ್ತಿತ್ತು. ಅವರ ದನಿ ನನ್ನ ಬಾಯಿಗೇ ಬರ್ತಿತ್ತು. ನನ್ನ ಬಾಯಿಂದ ನಾನೇ ಮಾತಾಡ್ಕೊಂಡು ನಾನೇ ಕೇಳಿಸ್ಕೊಂಡು ಏನ್ಮಾಡ್ಲಿ? ಆ ದನಿ ನಂಗೆ ಎದುರಿಂದ ಬರ್ಬೇಕಿತ್ತು. ಅವರು ಹೇಳೋಕೆ ಹೊರಟಿದ್ದು ಏನೂಂತ ಗೊತ್ತಿಲ್ಲ, ದನಿಯಾದ್ರೂ ಇರ್ಲಿ ಅಂತ."

ನನಗೆ ಬಾಯಿ ಕಟ್ಟಿಕೊಂಡು ಕೂರಲು ಆಗಲಿಲ್ಲ. "ಅದಕ್ಕೆ ನನ್ನ ಗಂಡಾನೇ ಸಿಕ್ಕಿದ್ರಾ ನಿಂಗೆ?" ಎಂದೆ. ಮೇಡಂ ಕೈಯೆತ್ತಿದರು, ನಾನು ನಿಲ್ಲಿಸಲಿಲ್ಲ. "ಕಸುಬು ಹೋಯ್ತು, ಮರ್ಯಾದೆ ಹೋಯ್ತು. ಬಾಯ್ತುಂಬ ಮಾತಾಡ್ತಿದ್ದ ಮನುಷ್ಯ ನನ್ನ ಮನೇಲಿ ಮೂಗನಾಗಿ ಕೂತ. ಇಲ್ಲಿ ಮಾತ್ರ ನೀವಿಬ್ರೂ ಸಂಜೆಯೆಲ್ಲ ನಕ್ಕೊಂಡು ಕೂತಿರ್ತೀರಿ. ನನ್ನ ಕಿವಿ ಕಿವುಡಲ್ಲ. ಅದೇನು ಅಷ್ಟು ನಗು ಬರೋ ಮಾತು, ನಂಗೂ ಹೇಳು, ನಾನೂ ನಗ್ತೀನಿ."

ದೇವೀರಿ ತಲೆಯೆತ್ತಿ ನನ್ನನ್ನು ನೋಡಿದಳು. "ನಿನ್ನ ಮಾತೇ ಅಕ್ಕ," ಎಂದಳು.

ನನಗೆ ಅರ್ಥವಾಗಲಿಲ್ಲ.

"ಇಲ್ಲಿ ಕೂತು ಅವರು ಆಡೋದೆಲ್ಲ ನಿನ್ನ ಮಾತೇ. ಸಾಕಿ ಇವತ್ತು ಅಂಗಿಗೆ ನೀಲಿ ಹಾಕಿಲ್ಲ, ಏನೋ ಸಿಟ್ಟಲ್ಲಿದಾಳೆ. ಸಾಕಿ ಸಾರಿಗೆ ಉಪ್ಪೇ ಹಾಕಿರ್ಲಿಲ್ಲ, ನಾನು ಹುಬ್ಬು ಕುಣಿಸಿದ್ರೆ ನನ್ನನ್ನೇ ಅಣಕಿಸ್ತೀರಾ ಅಂತ ರೇಗಿದ್ಲು. ಸಾಕಿ ನಿದ್ದೇಲಿ ಯಾರನ್ನೋ ಬೈತಿದ್ಲು. ಮನೇಲಿ ಆಡೋಕಾಗದ್ದನ್ನೆಲ್ಲ ಇಲ್ಲಿ ತಂದು ಸುರೀತಾರೆ. ನಗು ಬರುತ್ತೆ, ನಗ್ತೀನಿ. ಆದ್ರೆ ನನ್ನ ಗಂಡನ ದನೀಲಿ ದಿನಬೆಳಗಾದ್ರೆ ಸಾಕಿ ಸಾಕಿ ಅಂತ ಕೇಳೋದಂದ್ರೆ ಏನು ಅಂತ ನಿಂಗೆ ಗೊತ್ತಾ ಅಕ್ಕ? ಒಂದೇ ಒಂದ್ಸಲ ನನ್ನ ಹೆಸ್ರು ಹಿಡಿದು ಕರೀರಿ ರುದ್ರಣ್ಣ ಅಂತ ಎಷ್ಟು ಬೇಡಿದೀನಿ. ಅದು ಸರಿಯಲ್ಲ, ಸಾಕಿ ನೊಂದ್ಕೋತಾಳೆ ಅಂತಾರೆ. ಹೊಟ್ಟೆ ಉರಿಯೋದು ನಿಂಗೊಬ್ಳಿಗೇ ಅಂತ ತಿಳ್ಕೊಂಡಿದೀಯಾ?"

ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ನನಗೆ ಆ ಹೊತ್ತಿನಲ್ಲಿ ಆದ ಖುಷಿಯನ್ನು ಮುಚ್ಚಿಡುವುದು ಏಕೆ? ನನಗೆ ಬಹಳ ಖುಷಿಯಾಯಿತು. ಇಷ್ಟು ವರ್ಷ ಅವಳೂ ಉರಿದಿದ್ದಾಳೆ, ಅದೂ ನನ್ನ ಹೆಸರು ಕೇಳಿ. ಆದರೆ ಆ ಖುಷಿ ಗಂಟಲಿನಿಂದ ಕೆಳಗೆ ಇಳಿಯುವ ಮೊದಲೇ ಇನ್ನೊಂದು ಹೊಳೆಯಿತು. ನನ್ನ ಬಗ್ಗೆ ಇವರು ಆಡಿದ ಅಷ್ಟೂ ಮಾತನ್ನು ಕೇಳಿಸಿಕೊಂಡವಳು ಅವಳು. ನನಗೆ ಸಿಕ್ಕಿದ್ದು ಹುಬ್ಬುಸನ್ನೆ. ಹೊಟ್ಟೆಯೊಳಗಿನ ಉರಿ ಹೋದ ಹಾಗೆಯೇ ಹಿಂದಕ್ಕೆ ಬಂತು.

ಕಂಬದ ಪಕ್ಕದಿಂದ ಇವರು ಕೇಳಿದರು, "ಹಂಗಾದ್ರೆ ಗಂಟು ಸರಿಯಾಗೇ ಇತ್ತಾ?" ಅದು ಮರಿಸ್ವಾಮಿಯದೇ ದನಿ. ಸತ್ತವನೇ ಬಂದು ಕೇಳಿದಂತಿತ್ತು. ದೇವೀರಿ ಎದ್ದು ಬಂದು ಇವರ ಎದುರು ಕೂತಳು. "ಸರಿಯಾಗೇ ಇತ್ತು ಅಣ್ಣ. ನಿಮ್ಮ ಗಂಟು ಎಲ್ಲಾನೂ ಸರಿಯಾಗೇ ಇತ್ತು," ಎಂದಳು. ಇವರು ತಮ್ಮ ಅಂಗೈಗಳನ್ನು ಮೇಲೆ ಮಾಡಿ ನೋಡಿಕೊಂಡರು. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಮೇಡಂ ಕೂಡ ಕನ್ನಡಕ ತೆಗೆದು ಒರೆಸಿದರು. ಏನು ಸರಿಮಾಡಬೇಕು, ಹೇಗೆ ಸರಿಮಾಡಬೇಕು ಎಂದು ಅವರು ಕೇಳಬೇಕಾಗಿಯೇ ಬರಲಿಲ್ಲ.

ದೇವೀರಿಯೇ ಹೇಳಿದಳು. "ನಾಳೆ ನ್ಯಾಯಾಲಯಕ್ಕೆ ಬಂದು ಬೊಟ್ಟು ಹಿಂದಕ್ಕೆ ತಗೋತೀನಿ."

ಮೇಡಂ ತಕ್ಷಣ ಹೂಂ ಎನ್ನಲಿಲ್ಲ. "ಯೋಚ್ನೆ ಮಾಡಿ ಹೇಳ್ತಿದೀರಾ? ತಲೆಸುತ್ತು ಬಂದು ಬಿದ್ದಿದ್ದು ಅಂತಾದ್ರೆ ಅದು ಯಾರ ತಪ್ಪೂ ಅಲ್ಲ. ಬೈದು ಕೆಲಸಕ್ಕೆ ಕಳಿಸಿದ್ದನ್ನ ಕೊಲೆ ಅನ್ನೋಕಾಗಲ್ಲ, ನಾನು ಅದನ್ನೇ ನ್ಯಾಯಾಧೀಶರಿಗೆ ಹೇಳ್ತೀನಿ. ಆಗ ಆ ದನಿ ನಿಮಗೂ ಬರಲ್ಲ, ಯಾರಿಗೂ ಬರಲ್ಲ."

"ಗೊತ್ತು ಮೇಡಮ್ಮ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅದಕ್ಕೆ ಮುಂಚೆ ಒಂದ್ಸಲ ಕರೀಲಿ ಅಕ್ಕ. ಅವರು ನನ್ನನ್ನ ದೇವೂ ಅಂತಿದ್ರು. ನೀನು ಹೂಂ ಅಂದ್ರೆ ಮಾತ್ರ."

ಇವರು ನನ್ನ ಮುಖ ನೋಡಿದರು. ಮೇಡಂ ನೋಡಿದರು. ಆಗುವುದಿಲ್ಲ ಎನ್ನಬೇಕು ಎಂದೇ ನಾನು ಬಾಯಿ ತೆರೆದೆ. ನನ್ನ ಗಂಡನ ನಾಲಗೆ, ನನ್ನ ಗಂಡನ ತುಟಿ, ಅದರಿಂದ ಇನ್ನೊಬ್ಬಳನ್ನು ಮುದ್ದಿನ ಹೆಸರಲ್ಲಿ ಕರೆಸಲು ನನಗೇನು ಗ್ರಹಚಾರ? ಆದರೆ ಅವಳು ಕೊಡಲು ಒಪ್ಪಿದ್ದು ಏನು ಎಂದು ನನಗಿಂತ ಚೆನ್ನಾಗಿ ಆ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಗಂಡನ ದನಿ ಇಲ್ಲದ ಮನೆ ಹೇಗಿರುತ್ತದೆ ಎಂದು ನೋಡಿದವಳು ನಾನು. "ಕರೀರಿ ಅತ್ಲಾಗೆ," ಎಂದೆ.

ಇವರು ಕಣ್ಣು ಮುಚ್ಚಿಕೊಂಡು, "ದೇವೂ," ಎಂದರು.

ಆ ದನಿ ಹೇಗಿತ್ತು ಎಂದು ನಾನು ಹೇಳಲಾರೆ. ಮನೆಗೆ ಬಂದ ಗಂಡಸು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಕರೆದಂತಿತ್ತು. ದೇವೀರಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಹೂಂ, ಬಂದೆ" ಎಂದಳು. ಅಷ್ಟು ವರ್ಷಗಳಲ್ಲಿ ಎಂದೂ ಉರಿಯದ ಹಾಗೆ ಉರಿಯಿತು ನನಗೆ. ಆದರೂ ಇನ್ನೊಂದು ಸಲ ಕರೆಯಿರಿ ಎಂದವಳು ನಾನೇ.

ಮಾರನೆಯ ದಿನ ನ್ಯಾಯಾಲಯದ ತುಂಬ ಜನ. ದೇವೀರಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬೊಟ್ಟು ಹಿಂದಕ್ಕೆ ತೆಗೆದುಕೊಂಡಳು. ಮೇಡಂ ತಾವು ಹೇಳಬೇಕಾದ್ದನ್ನು ಹೇಳಿದರು. ನ್ಯಾಯಾಧೀಶರಿಗೆ, ಇದು ಯಾರ ತಪ್ಪೂ ಅಲ್ಲ ಎಂದು ಬರೆಸಿ ಅಭ್ಯಾಸವಿರಲಿಲ್ಲ. ಪಕ್ಕದ ಗುಮಾಸ್ತರನ್ನು ಕೇಳಿ, ಹಳೆಯ ಕಾನೂನು ಪುಸ್ತಕ ತರಿಸಿ ನೋಡಿ, ಕೊನೆಗೆ ಹಾಗೆಯೇ ಓದಿದರು. ಇವರು ಕೆಮ್ಮಿದರು. ನಾನು ದೇವೀರಿಯನ್ನು ನೋಡಿದೆ. ಅವಳಿಗೆ ಕೆಮ್ಮು ಬರಲಿಲ್ಲ. ಬರಲಿ ಎಂದು ಕಾಯುತ್ತಿದ್ದಳೋ ಏನೋ, ಗಂಟಲ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು.

ಹೊರಗೆ ಮೇಡಂ ಸುತ್ತ ಜನ ಸೇರಿ ಬೈಯುತ್ತಿದ್ದರು. ಬೈಯುವವರ ನಡುವೆಯೇ ನುಸುಳಿ ಬಂದ ಶಾಲೆಯ ಮೇಷ್ಟರು, ಪಕ್ಕದ ಮನೆ ಅಜ್ಜನ ದನಿಯಲ್ಲಿ ದಮ್ಮು ಎಳೆಯುತ್ತ, "ನನ್ನ ಬಾಗಿಲಿನ ವಿಷಯವನ್ನೂ ಸ್ವಲ್ಪ ನೋಡ್ತೀರಾ ಮೇಡಂ?" ಎಂದು ಕೇಳಿದರು. ನಾವು ಅಲ್ಲಿ ನಿಲ್ಲಲಿಲ್ಲ. ಬೀದಿಯ ತಿರುವಿನಲ್ಲಿ ಇವರು ನಿಂತು, ನನ್ನನ್ನು ನೋಡಿ, "ಸಾಕೀ" ಎಂದರು. ಅದೇ ರಾಟೆ. ಸ್ವಲ್ಪ ತುಕ್ಕು ಹಿಡಿದಿತ್ತು, ಅಷ್ಟೇ. ನಾನು ನಡುಬೀದಿಯಲ್ಲೇ ಕೂತು ಅತ್ತೆ. "ಏಳೇ, ಜನ ನೋಡ್ತಾರೆ. ಯಾಕೆ ಹಿಂಗೆ ಅಳ್ತೀಯ? ನಂಗೆ ಹಸಿವಾಗ್ತಿದೆ. ಆ ಗಿರಣಿ ಬಿಟ್ಬಿಡ್ತೀನಿ ಕಣೇ, ನಾಳೆ ಹೋಗಿ ಹೊಸ ಹಗ್ಗ ತರ್ತೀನಿ" ಎಂದು ಇವರು ಒಂದೇ ಸಮನೆ ಶುರುವಿಟ್ಟುಕೊಂಡರು. ಮನೆ ಸೇರುವವರೆಗೂ ಮಾತು, ಉಣ್ಣುವಾಗಲೂ ಮಾತು. ಸಾರು ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳಿದರು. ನಾನು ಎರಡು ಸಲ ಹೇಳಿಸಿಕೊಂಡೆ.

ಬಿಸಿಲು ಇಳಿಯಿತು. ನಾನು ಪಾತ್ರೆ ತೊಳೆದು ಒಳಗೆ ಬರುವಷ್ಟರಲ್ಲಿ ಇವರು ಮುಖ ತೊಳೆದು, ತಲೆ ಬಾಚಿ, ಒಗೆದ ಅಂಗಿಗೆ ಕೈ ಹಾಕಿದ್ದರು.

"ಎಲ್ಲಿಗೆ?" ಎಂದೆ.

ಇವರು ಅಂಗಿಯನ್ನು ಕೈಯಲ್ಲಿ ಹಿಡಿದು ಹಾಗೇ ನಿಂತರು. "ಅಭ್ಯಾಸ ಆಗ್ಬಿಟ್ಟಿದೆ ಕಣೇ. ಈ ಹೊತ್ತಿಗೆ ಪಾಪ ಅವಳು ಒಬ್ಳೇ ಕೂತಿರ್ತಾಳಲ್ಲ. ಇನ್ಮೇಲೆ ಯಾರಿದಾರೆ ಅವಳಿಗೆ? ಹೋಗಿ ಒಂದು ಗಳಿಗೆ ಕೂತು ಬಂದ್ಬಿಡ್ಲಾ?"

ಇಷ್ಟು ವರ್ಷ ದಿನಾ ಸಂಜೆ ಅವಳ ಮನೆಗೆ ಹೋಗುತ್ತಿದ್ದದ್ದು ಮರಿಸ್ವಾಮಿಯ ದನಿ. ಇವತ್ತು ಹೋದರೆ ಹೋಗುವುದು ನನ್ನದು. "ಅಂಗಿ ಅಲ್ಲೇ ಇಟ್ಟು ಸುಮ್ನೆ ಕೂತ್ಕೊಳ್ಳಿ," ಎಂದೆ. ಇವರು ಕೂತರು. ಕೂತರೂ ಕಣ್ಣು ಬಾಗಿಲ ಕಡೆಗೇ ಇತ್ತು. ಈ ಮನುಷ್ಯ ಇವತ್ತಲ್ಲದಿದ್ದರೆ ನಾಳೆ ಎದ್ದು ಹೋಗುವವರೇ, ಅದು ನನಗೆ ಚೆನ್ನಾಗಿ ಗೊತ್ತು. ಕೆಟ್ಟ ಮನಸ್ಸಿನಿಂದ ಹೋಗುವವರಲ್ಲ, ಅದೂ ಗೊತ್ತು. ಗೊತ್ತಿದ್ದು ಏನು ಪ್ರಯೋಜನ? ನಾನು ಸೆರಗು ಸರಿಮಾಡಿಕೊಂಡು ಹೊಸ್ತಿಲು ದಾಟಿದೆ.

ದೇವೀರಿ ದೀಪ ಹಚ್ಚಿಟ್ಟು ಜಗಲಿಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಅವಳಿಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. ಅಷ್ಟು ದಣಿದಿದ್ದಳು.

"ರುದ್ರಣ್ಣ ಬರಲ್ಲ ಅಂತ ಗೊತ್ತು ಅಕ್ಕ," ಎಂದಳು.

"ಬರಲ್ಲ. ನಾನು ಕಳಿಸಲ್ಲ."

"ಮತ್ತೆ ನೀನ್ಯಾಕೆ ಬಂದೆ?"

"ಅವರು ಬರ್ಬಾರ್ದು ಅಂತಾನೇ ಬಂದೆ," ಎಂದೆ. "ನಾನು ಇಲ್ಲಿ ಕೂತಿದ್ರೆ ಅವರಿಗೆ ಬರೋಕೆ ನೆಪ ಇರಲ್ಲ. ದಿನಾ ಬರ್ತೀನಿ."

ಅವಳು ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.